ಸೋಮವಾರ ಹಕ್ಕಿ ಎಬ್ಬಿಸುವವರು ಯಾರು?

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ವಾಯುನೆಲೆಯ ರನ್‌ವೇ ಪಕ್ಕದ ಹುಲ್ಲಿನಲ್ಲಿ ಒಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಕಾಲಿಗೆ ರಬ್ಬರ್ ಬೂಟು, ಮೈಮೇಲೆ ದೂರದಿಂದಲೂ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಅಂಗಿ, ಮಡಿಲಲ್ಲಿ ಕೀಲು ಹಾಕಿ ಜೋಡಿಸಿದ ಎರಡು ಮರದ ಹಲಗೆ. ಎದುರಿಗೆ ಟಿಟ್ಟಿಭ ಹಕ್ಕಿಗಳ ಗುಂಪೊಂದು ಇಬ್ಬನಿಯಲ್ಲಿ ಹುಳ ಹೆಕ್ಕುತ್ತಿದೆ. ರನ್‌ವೇಯ ಆ ತುದಿಯಲ್ಲಿ ಯುದ್ಧವಿಮಾನವೊಂದು ಹೊರಡಲು ಗುರುಗುಟ್ಟುತ್ತಿದೆ. ಇವರು ಹುಲ್ಲಿನ ಎಸಳೊಂದನ್ನು ಕಿತ್ತು ಗಾಳಿಗೆ ಬಿಡುತ್ತಾರೆ, ಅದು ಯಾವ ಕಡೆ ಬಿತ್ತೆಂದು ನೋಡುತ್ತಾರೆ, ಆಮೇಲೆ ಬಗ್ಗಿಕೊಂಡೇ ನಡೆದು ಗುಂಪಿನ ಇನ್ನೊಂದು ಬದಿಗೆ ಹೋಗಿ ನಿಲ್ಲುತ್ತಾರೆ.

"ಏಳ್ರಪ್ಪಾ, ಏಳಿ. ಸ್ವಲ್ಪ ದಾರಿ ಬಿಡಿ. ಆಮೇಲೆ ಬಂದು ತಿನ್ನಿ, ಯಾರೂ ಬೇಡ ಅನ್ನಲ್ಲ."

ಹಲಗೆ ಒಂದೇ ಒಂದು ಸಲ ಬಡಿಯುತ್ತದೆ. ಹಕ್ಕಿಗಳು ಗೊಣಗಿಕೊಂಡು ಎದ್ದು, ರನ್‌ವೇಗೆ ಬೆನ್ನು ಹಾಕಿ ಬೇಲಿಯ ಆಚೆಗೆ ಹೋಗುತ್ತವೆ. ಮರುಕ್ಷಣ ವಿಮಾನ ಕಿವಿ ಗಡಚಿಕ್ಕುವ ಹಾಗೆ ನಮ್ಮ ಮುಂದೆಯೇ ಹಾದು ಮೇಲಕ್ಕೇರುತ್ತದೆ. ನಾನು ಬಾಯಿ ಬಿಟ್ಟುಕೊಂಡು ಅದನ್ನೇ ನೋಡುತ್ತೇನೆ. ಅವರು ಆ ಕಡೆ ತಿರುಗುವುದೂ ಇಲ್ಲ. ಎದ್ದು ಹೋದ ಹಕ್ಕಿಗಳಲ್ಲಿ ಯಾವುದಾದರೂ ಮನಸ್ಸು ಬದಲಾಯಿಸಿ ವಾಪಸು ಬರುತ್ತದೆಯೇ ಎಂದು ಬೇಲಿಯನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಾರೆ. "ಇಷ್ಟು ವರ್ಷದಲ್ಲಿ ಒಂದು ವಿಮಾನನೂ ಸರಿಯಾಗಿ ನೋಡಿಲ್ಲ ಸಾರ್. ಮೊಮ್ಮಗು ಕೇಳುತ್ತೆ, ತಾತ ವಿಮಾನದ ಬಾಲ ಹೇಗಿರುತ್ತೆ ಅಂತ. ನಂಗೇನು ಗೊತ್ತು?"

ವಾಯುನೆಲೆಯಲ್ಲಿ ಎಲ್ಲರಿಗೂ ಇವರು ಹಕ್ಕಿಯಣ್ಣ. ವಿಮಾನ ಏರುವಾಗ, ಇಳಿಯುವಾಗ ದಾರಿಗೆ ಹಕ್ಕಿ ಅಡ್ಡ ಬರದಂತೆ ನೋಡಿಕೊಳ್ಳುವುದು ಕೆಲಸ. ವಿಮಾನದ ಎಂಜಿನ್ನಿಗೆ ಒಂದು ಪಾರಿವಾಳ ಹೋದರೂ ಸಾಕು, ಅದರೊಳಗೆ ಕೂತವರ ಜೀವಕ್ಕೆ ಸಂಚಕಾರ ಬರುತ್ತದೆ. ಹಾಗಿದ್ದೂ ಇವರು ಸೇನೆಯವರಲ್ಲ, ವಾಯುನೆಲೆಯ ನೌಕರರೂ ಅಲ್ಲ. ಗುತ್ತಿಗೆಯ ಆಳು. ಇವರಂತೆ ಹುಲ್ಲು ಕತ್ತರಿಸುವವರು, ನೀರಿನ ಟ್ಯಾಂಕರ್ ಓಡಿಸುವವರು, ನಲ್ಲಿ ರಿಪೇರಿಯವರು, ಬಟ್ಟೆ ಒಗೆಯುವವರು, ಮೆಸ್ಸಿನಲ್ಲಿ ಪಾತ್ರೆ ತೊಳೆಯುವವರು, ಕಸ ಎತ್ತುವವರು ಎಲ್ಲರೂ ಗುತ್ತಿಗೆಯವರೇ. ಅವರೆಲ್ಲ ಸೇರಿ ಬರುವ ಸೋಮವಾರದಿಂದ ಕೆಲಸ ನಿಲ್ಲಿಸುವುದಾಗಿ ಹೇಳಿದ್ದಾರೆ. ಪತ್ರಿಕೆಗೆ ಬರೆಯಲೆಂದು ನಾನು ಇಲ್ಲಿಗೆ ಬಂದಿದ್ದೂ ಅದಕ್ಕೇ. ಕ್ಯಾಮೆರಾ, ಫೋನು ಎರಡನ್ನೂ ಗೇಟಿನಲ್ಲಿ ಕಿತ್ತಿಟ್ಟುಕೊಂಡು, ಪೆನ್ನೊಂದನ್ನು ತಿರುಗಿಸಿ ಮುರುಗಿಸಿ ನೋಡಿ ಒಳಗೆ ಬಿಟ್ಟರು.

ಮುಷ್ಕರ ಆದರೆ ವಾಯುನೆಲೆಯ ಗತಿ ಏನು? ಆಡಳಿತ ನೋಡಿಕೊಳ್ಳುವ ಅಧಿಕಾರಿ ಒಳ್ಳೆಯ ಮನುಷ್ಯ. ಪ್ರಶ್ನೆ ಕೇಳಿ ನಕ್ಕು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ವಿಮಾನ ಹಾರಿಸೋಕೆ ನಮ್ಮ ಹತ್ರ ಬೇಕಾದಷ್ಟು ಜನ ಇದ್ದಾರೆ. ಪಾತ್ರೆ ತೊಳೆಯೋಕೆ ಯಾರಿದ್ದಾರೆ ಹೇಳಿ." ಸಿಪಾಯಿಗಳಿಗೇ ಪಾಳಿ ಹಾಕಿದ್ದಾರಂತೆ. ಟ್ಯಾಂಕರಿಗೆ ಇಬ್ಬರು, ಮೆಸ್ಸಿಗೆ ಒಂದು ತಂಡ, ಬಟ್ಟೆ ಅವರವರದು ಅವರವರಿಗೆ. ಶೌಚಾಲಯದ ಪಾಳಿ ಯಾರಿಗೆ ಎಂಬ ಮಾತು ಬಂದಾಗ ಸಭೆಯಲ್ಲಿ ಕೂತವರಿಗೆಲ್ಲ ಒಟ್ಟಿಗೇ ಕೆಮ್ಮು ಬಂತಂತೆ. ಹಕ್ಕಿ ಎಬ್ಬಿಸಲು ಯಾರು ಎಂದು ಕೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಅದೊಂದೇ ನನಗೆ ನಿದ್ದೆ ಕೆಡಿಸಿರೋದು," ಎಂದರು.

ಹಕ್ಕಿಯಣ್ಣ ಅದನ್ನು ಬಿಡಿಸಿ ಹೇಳಿದರು. "ಕಸದವರು ಬರದಿದ್ರೆ ಮೆಸ್ಸಿನ ಹಿಂದೆ ಕಸ ಕೊಳೆಯುತ್ತೆ, ಹದ್ದು ಬರುತ್ತೆ. ಹುಲ್ಲಿನವರು ಬರದಿದ್ರೆ ಹುಲ್ಲು ಬೆಳೆಯುತ್ತೆ, ಇಲಿ ಬರುತ್ತೆ, ಇಲಿ ಹಿಂದೇನೇ ಮತ್ತೆ ಹದ್ದು. ಯಾರು ಕೆಲಸ ಬಿಟ್ರೂ ಕೊನೇಲಿ ಅದು ಬಂದು ನಿಲ್ಲೋದು ಈ ರನ್‌ವೇ ಮೇಲೇ." ಹುಲ್ಲಿನ ಮೇಲೆ ಕೈಯಾಡಿಸುತ್ತ ನಕ್ಕರು. "ನಮ್ಮನೆಯವಳೇ ಸಾರ್ ಮೊದಲನೇ ಕಾವಲು. ಎಂಜಲನ್ನೆಲ್ಲ ಡ್ರಮ್ಮಿಗೆ ತುಂಬಿ ಮುಚ್ಚಳ ಹಾಕಿ, ಮೇಲೆ ಕಲ್ಲಿಡ್ತಾಳೆ. ಅವಳು ಒಂದು ದಿನ ರಜ ಹಾಕಿದ್ರೆ ನಂಗೆ ಇಲ್ಲಿಂದ್ಲೇ ಗೊತ್ತಾಗುತ್ತೆ, ಆಕಾಶ ನೋಡಿ."

ಅವರ ಹೆಂಡತಿ ಮೆಸ್ಸಿನಲ್ಲಿ ಪಾತ್ರೆ ತೊಳೆಯುತ್ತಾರೆ. ಅಲ್ಲಿ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಾರೆ, ಅವರಿಗಿಂತ ಹಿರಿಯರೂ ಸಹ. ಈ ಮುಷ್ಕರದ ಬೇರು ಇರುವುದು ಅವರ ಬಲಗೈಯಲ್ಲಿ.

ಹಿಂದಿನ ಚಳಿಗಾಲದ ಮಾತು. ಮೆಸ್ಸಿನಲ್ಲಿ ದೊಡ್ಡ ಹಂಡೆಯ ಕುದಿನೀರು ಅಕ್ಕನ ಕೈಮೇಲೆ ಮಗುಚಿಕೊಂಡಿತು. ವಾಯುನೆಲೆಯ ಆಸ್ಪತ್ರೆ ಮೆಸ್ಸಿನಿಂದ ಕೂಗಳತೆಯಲ್ಲಿದೆ. ಜೊತೆಯವರು ಅವರನ್ನು ಎತ್ತಿಕೊಂಡೇ ಓಡಿದರು. ಬಾಗಿಲಲ್ಲಿದ್ದವರು ಪಾಸ್ ಕೇಳಿದರು. ಪಾಸ್ ಇತ್ತು, ಆದರೆ ಅದು ಅಡುಗೆಮನೆಗೆ ಬರುವ ಪಾಸ್, ಆಸ್ಪತ್ರೆಗೆ ಬರುವ ಪಾಸ್ ಅಲ್ಲ. ಗುತ್ತಿಗೆಯವರಿಗೆ ಇಲ್ಲಿ ಚಿಕಿತ್ಸೆ ಇಲ್ಲ ಎಂಬುದು ನಿಯಮ. ತರಕಾರಿ ತಂದ ವ್ಯಾನಿನಲ್ಲಿ, ಖಾಲಿ ಬುಟ್ಟಿಗಳ ನಡುವೆ, ಒದ್ದೆ ಬಟ್ಟೆ ಸುತ್ತಿದ ಕೈಯನ್ನು ಮೇಲೆತ್ತಿ ಹಿಡಿದುಕೊಂಡು ಅಕ್ಕ ಊರಿನ ಆಸ್ಪತ್ರೆಗೆ ಹೋದರು. ಅಷ್ಟು ಹೊತ್ತಿಗೆ ತಡವಾಗಿತ್ತು. ಕಿರುಬೆರಳು ಮತ್ತು ಅದರ ಪಕ್ಕದ್ದು ಈಗ ಮಡಚಿಕೊಂಡೇ ಇವೆ, ಬಿಚ್ಚುವುದಿಲ್ಲ.

"ನಿಯಮ ಮಾಡಿದವರಿಗೆ ನನ್ನ ಮೇಲೇನೂ ದ್ವೇಷ ಇರ್ಲಿಲ್ಲ ಬಿಡಿ," ಎನ್ನುತ್ತಾರೆ ಅಕ್ಕ. ಅವರ ಮನೆಯ ಪುಟ್ಟ ಅಡುಗೆಕೋಣೆಯಲ್ಲಿ ಮೂರು ಬೆರಳಿನಲ್ಲೇ ಲೋಟ ಹಿಡಿದು ನನಗೆ ಚಹಾ ಕೊಟ್ಟರು. "ನಾನು ಇದ್ದೀನಿ ಅಂತಾನೇ ಅವರಿಗೆ ಗೊತ್ತಿರ್ಲಿಲ್ಲ. ಕೈ ಸುಟ್ಟಿದ್ದಕ್ಕಿಂತ ಅದು ಜಾಸ್ತಿ ಉರೀತು. ನಾನು ತೊಳೆದ ತಟ್ಟೇಲಿ ಉಂಡವರೇ ಅಲ್ವಾ ಆ ಡಾಕ್ಟ್ರೂ? ಇನ್ನೊಬ್ಬಳಿಗೆ ಹಿಂಗಾಗಬಾರದು. ಅಷ್ಟಕ್ಕೇ ಈ ಮುಷ್ಕರ." ಏಟು ಬಿದ್ದಾಗ, ಸುಟ್ಟಾಗ ಗುತ್ತಿಗೆಯವರಿಗೂ ಆ ಆಸ್ಪತ್ರೆಯ ಬಾಗಿಲು ತೆರೆಯಬೇಕು. ಅವರ ಬೇಡಿಕೆ ಇದೊಂದೇ. ಗುತ್ತಿಗೆದಾರನನ್ನು ಕೇಳಿದರೆ ವಾಯುನೆಲೆಯವರನ್ನು ಕೇಳಿ ಎನ್ನುತ್ತಾನೆ, ವಾಯುನೆಲೆಯವರು ಮೇಲಿನವರನ್ನು ತೋರಿಸುತ್ತಾರೆ. ಮೇಲಿನವರು ಎಲ್ಲಿರುತ್ತಾರೋ ದೇವರಿಗೇ ಗೊತ್ತು.

ಅಕ್ಕನ ಕೈ ಸುಟ್ಟ ದಿನ ಹಕ್ಕಿಯಣ್ಣನಿಗೆ ಸುದ್ದಿ ತಲುಪಿದ್ದು ಸಂಜೆ. ರನ್‌ವೇಗೆ ಫೋನ್ ಒಯ್ಯುವಂತಿಲ್ಲ. ಅದನ್ನು ಹೇಳುವಾಗ ಅವರು ಬೇಲಿಯ ಕಡೆ ಕೈ ತೋರಿಸಿದರು. "ಅವಳು ವ್ಯಾನಲ್ಲಿ ಈ ಬೇಲಿ ಪಕ್ಕಾನೇ ಹಾದು ಹೋದ್ಲಂತೆ. ನಾನು ಕಾಣಿಸಿದ್ನಂತೆ ಅವಳಿಗೆ. ನಾನು ಆಕಾಶ ನೋಡ್ತಾ ಇದ್ದೆ." ಗುತ್ತಿಗೆಯವರ ಸಂಘದ ಸಭೆಯಲ್ಲಿ ಮುಷ್ಕರಕ್ಕೆ ಮೊದಲು ಕೈ ಎತ್ತಿದವರು ಇವರೇ.

ಆದರೂ ಈಚೆಗೆ ಸಂಘಕ್ಕೂ ಇವರಿಗೂ ತಕರಾರಾಯಿತು. ಅದು ಎಲ್ಲಿಂದ ಬಂತು? ಅದಕ್ಕೆ ಇನ್ನೂ ಹಿಂದಕ್ಕೆ ಹೋಗಬೇಕು.

ಹಕ್ಕಿಯಣ್ಣ ಇಲ್ಲಿಗೆ ಮೊದಲು ಬಂದದ್ದು ರನ್‌ವೇಗೆ ಡಾಂಬರು ಹಾಕುವ ಕೂಲಿಯಾಗಿ. ಡಾಂಬರಿನ ಕೆಲಸ ಮುಗಿದ ಮೇಲೆ ಗುತ್ತಿಗೆದಾರ ಪಟಾಕಿಯ ಪೆಟ್ಟಿಗೆಯೊಂದನ್ನು ಕೈಗಿಟ್ಟು ಹಕ್ಕಿ ಓಡಿಸು ಎಂದ. ಆಗ ಅವರು ನಿಜಕ್ಕೂ ಓಡಿಸುತ್ತಿದ್ದರು. ಕೂಗಾಡಿ, ಪಟಾಕಿ ಹೊಡೆದು, ಕಲ್ಲು ಬೀಸಿ. ಒಂದು ದಿನ ರನ್‌ವೇ ಪಕ್ಕ ಕೂತಿದ್ದ ಹದ್ದಿನ ಹತ್ತಿರ ಪಟಾಕಿ ಸಿಡಿಸಿದರು. ಬೆದರಿದ ಹದ್ದು ದಿಕ್ಕು ತೋಚದೆ, ಇಳಿಯುತ್ತಿದ್ದ ವಿಮಾನಕ್ಕೇ ಅಡ್ಡ ಹಾರಿತು. ವಿಮಾನ ಹೇಗೋ ನೆಲ ಮುಟ್ಟಿ, ಹೊಗೆ ಕಾರುತ್ತ ಹುಲ್ಲಿಗೆ ನುಗ್ಗಿ ನಿಂತಿತು.

"ಒಳಗಿಂದ ಒಬ್ಬ ಹುಡುಗ ಇಳಿದ. ಮೀಸೆ ಸರಿಯಾಗಿ ಮೂಡಿರ್ಲಿಲ್ಲ. ನಾಲ್ಕು ಹೆಜ್ಜೆ ಇಟ್ಟ, ಅಲ್ಲೇ ಹುಲ್ಲಲ್ಲಿ ಕೂತುಬಿಟ್ಟ. ನಾನು ಓಡಿ ಹೋಗಿ ನನ್ನ ಬಾಟ್ಲಿ ನೀರು ಕೊಟ್ಟೆ. ಕುಡಿದು 'ಥ್ಯಾಂಕ್ಸ್ ಅಣ್ಣಾ' ಅಂದ. ಆ ಹದ್ದನ್ನ ಎಬ್ಬಿಸಿದ್ದು ನಾನೇ ಅಂತ ಅವನಿಗೆ ಗೊತ್ತಿಲ್ಲ. ನಂಗೆ ಗೊತ್ತಲ್ಲ."

ಅವತ್ತಿನಿಂದ ಅವರು ಪಟಾಕಿ ಮುಟ್ಟಿಲ್ಲ. ಹಲಗೆಯ ಜೋಡಿಯನ್ನು ತಾವೇ ಮಾಡಿಕೊಂಡರು. ಬೆದರಿಸುವುದು ಬೇರೆ, ಎಬ್ಬಿಸುವುದು ಬೇರೆ ಎನ್ನುತ್ತಾರೆ. ಬೆದರಿದ ಹಕ್ಕಿ ಕಂಡ ಕಡೆ ನುಗ್ಗುತ್ತದೆ. ಎಬ್ಬಿಸಿದ ಹಕ್ಕಿ ಗಾಳಿಗೆ ಎದುರಾಗಿ, ತನ್ನ ಪಾಡಿಗೆ ತಾನು ಹೋಗುತ್ತದೆ. "ಮಲಗಿದ ಮಗೂನ ಶಾಲೆಗೆ ಎಬ್ಬಿಸ್ತೀವಲ್ಲ, ಹಂಗೆ. ಕಿರುಚಿದ್ರೆ ಅಳುತ್ತೆ. ಹೆಸರು ಹಿಡಿದು ಕರೆದ್ರೆ ಗೊಣಗಾಡ್ಕೊಂಡಾದ್ರೂ ಏಳುತ್ತೆ."

ಈ ಅಭ್ಯಾಸ ಮನೆಯವರೆಗೂ ಹಿಂಬಾಲಿಸಿದೆ. ರಜೆಯ ದಿನವೂ ನಸುಕಿಗೇ ಎಚ್ಚರ. ತಾರಸಿಗೆ ಹೋದರೆ ಪಾರಿವಾಳ ಕಂಡು ತಂತಾನೇ ಎರಡು ಚಪ್ಪಾಳೆ ಬೀಳುತ್ತದೆ. ಎದುರುಮನೆಯ ನಿವೃತ್ತ ಮೇಷ್ಟರು ಅದೇ ಹೊತ್ತಿಗೆ ಸಂಗೀತ ಅಭ್ಯಾಸ ಮಾಡುತ್ತಾರೆ. ಚಪ್ಪಾಳೆ ತಮಗೇ ಎಂದು ತಿಳಿದ ಅವರು ಈಗ ಕಿಟಕಿ ತೆರೆದೇ ಹಾಡುತ್ತಾರಂತೆ. "ಹೇಳಿಬಿಡೋಣ ಅಂದ್ರೆ ಇವರು ಬಿಡಲ್ಲ," ಎಂದು ಅಕ್ಕ ನಕ್ಕರು. "ಪಾಪ, ಆ ವಯಸ್ಸಿಗೆ ಒಬ್ಬ ಅಭಿಮಾನಿ ಸಿಕ್ಕಿದಾನೆ, ಇರ್ಲಿ ಬಿಡು ಅಂತಾರೆ."

ಕಳೆದ ವಾರ ವಾಯುನೆಲೆಯವರು ಸಾರ್ಜೆಂಟ್ ಒಬ್ಬರನ್ನು ಹಕ್ಕಿಯಣ್ಣನ ಬಳಿ ಕಳಿಸಿದರು. ಸೋಮವಾರದಿಂದ ಹಕ್ಕಿ ಎಬ್ಬಿಸುವ ಪಾಳಿ ಇವರದು, ಅಷ್ಟರೊಳಗೆ ನೋಡಿ ಕಲಿಯಬೇಕು ಎಂದು ಆಜ್ಞೆ. ಸಾರ್ಜೆಂಟರ ನಿವೃತ್ತಿ ಹತ್ತಿರದಲ್ಲಿದೆ, ಅವರ ಹೊಟ್ಟೆ ಅದಕ್ಕೂ ಮುಂಚೆ ನಿವೃತ್ತಿ ತೆಗೆದುಕೊಂಡ ಹಾಗಿದೆ. ಪೆರೇಡ್ ಮೈದಾನದಲ್ಲಿ ಅವರ ಕಂಠಕ್ಕೆ ಎದುರಿಲ್ಲ. ಮೊದಲ ದಿನ ಟಿಟ್ಟಿಭಗಳನ್ನು ಕಂಡದ್ದೇ ಎದೆ ಸೆಟೆಸಿ, ಇಡೀ ದಳಕ್ಕೆ ಕೊಡುವಂಥ ಆಜ್ಞೆಯೊಂದನ್ನು ಕೊಟ್ಟರು. ಹಕ್ಕಿಗಳು ದಿಕ್ಕಾಪಾಲಾಗಿ ಎದ್ದವು. ಅರ್ಧಕ್ಕರ್ಧ ರನ್‌ವೇ ಮೇಲೆಯೇ ಸುತ್ತು ಹಾಕಿದವು. ಪುಣ್ಯಕ್ಕೆ ಆಗ ಯಾವ ವಿಮಾನವೂ ಬರುತ್ತಿರಲಿಲ್ಲ.

"ನನ್ನ ಧ್ವನಿಗೆ ಎಂತೆಂಥವರೋ ಹೆಜ್ಜೆ ಹಾಕಿದ್ದಾರೆ. ಇವಕ್ಕೆ ಲೆಕ್ಕಕ್ಕೇ ಇಲ್ವಲ್ಲ!" ಎಂದರಂತೆ ಸಾರ್ಜೆಂಟ್.

"ಲೆಕ್ಕಕ್ಕೆ ಇಟ್ಟಿದ್ದಕ್ಕೇ ಸಾರ್ ಹಿಂಗಾಗಿದ್ದು," ಎಂದರಂತೆ ಹಕ್ಕಿಯಣ್ಣ.

ನಗುವ ಮಾತೇ. ಆದರೆ ಆ ರಾತ್ರಿ ಹಕ್ಕಿಯಣ್ಣನಿಗೆ ಊಟ ಸೇರಲಿಲ್ಲ. ಸೋಮವಾರ ತಾನು ಬರದೆ, ಈ ಮನುಷ್ಯ ಹೀಗೇ ಕೂಗಿ, ಅದೇ ಹೊತ್ತಿಗೆ ವಿಮಾನ ಬಂದರೆ? ಕಲಿಸಿಬಿಡೋಣ ಎಂದರೆ ಅದು ಮುಷ್ಕರಕ್ಕೆ ತಾನೇ ಕೊಡಲಿ ಹಾಕಿದಂತೆ. ಬಟ್ಟೆ ಒಗೆಯುವ ಶೆಡ್ಡಿನ ಹಿಂದೆ ನಡೆದ ಸಭೆಯಲ್ಲಿ ಇದನ್ನೇ ಎತ್ತಿದರು. ಸಂಘದ ಕಾರ್ಯದರ್ಶಿ ನಲ್ಲಿ ರಿಪೇರಿ ಮಾಡುವವರು, ನೇರ ಮಾತಿನವರು. "ಹಕ್ಕಿಯಣ್ಣಾ, ನಮ್ಮಲ್ಲಿ ವಾಯುನೆಲೆ ನಿಜವಾಗಿ ಹೆದರೋದು ನಿಮ್ಮ ಒಂದು ಕೆಲಸಕ್ಕೆ. ಅದನ್ನೂ ಕಲಿಸಿಕೊಟ್ರೆ ಇನ್ನು ನಮ್ಮ ಮಾತು ಕೇಳೋರ್ಯಾರು? ಪಾತ್ರೆ ತೊಳೆಯದಿದ್ರೆ ಎಲೇಲಿ ಉಣ್ತಾರೆ."

ಮಧ್ಯದ ದಾರಿಯೊಂದನ್ನು ಯಾರೋ ಸೂಚಿಸಿದರು: ಹಕ್ಕಿಯಣ್ಣನೊಬ್ಬರು ಕೆಲಸಕ್ಕೆ ಹೋಗಲಿ, ಉಳಿದವರು ನಿಲ್ಲಲಿ. ಅದನ್ನು ಮುರಿದವರು ಅಕ್ಕ. "ನನ್ನ ಕೈಗೋಸ್ಕರ ಊರೆಲ್ಲ ಹೊರಗೆ ನಿಂತಿರುತ್ತೆ, ನನ್ನ ಗಂಡ ಒಬ್ಬ ಒಳಗಿರಬೇಕಾ?" ಎಂದರು. ಆಮೇಲೆ ಎರಡು ದಿನ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ಬುತ್ತಿ ಮಾತ್ರ ನಸುಕಿಗೆ ಸರಿಯಾಗಿ ಕಟ್ಟಿರುತ್ತಿತ್ತು.

"ಅವಳದ್ದು ತಪ್ಪು ಅಂತ ಹೇಳೋಕಾಗಲ್ಲ ನಂಗೆ," ಎನ್ನುತ್ತಾರೆ ಹಕ್ಕಿಯಣ್ಣ. "ಒಂದು ಕಡೆ ಅವಳ ಕೈ. ಇನ್ನೊಂದು ಕಡೆ ಯಾರೋ ಹೆತ್ತ ಆ ಹುಡುಗರು. ಯಾವುದನ್ನ ಬಿಡ್ಲಿ ಸಾರ್?"

ನಾನು ಹೋದ ದಿನ ಅದಕ್ಕೆ ಉತ್ತರ ಸಿಕ್ಕಿತ್ತು. ಮೊದಲ ವಿಮಾನ ಹೋದ ಮೇಲೆ ಸಾರ್ಜೆಂಟ್ ಏದುಸಿರು ಬಿಡುತ್ತ ಬಂದರು. ಹಕ್ಕಿಯಣ್ಣ ಅವರ ಕೈಗೆ ಹಲಗೆ ಕೊಡಲಿಲ್ಲ. ಬೂಟಿನೊಳಗೆ ಸಿಕ್ಕಿಸಿಟ್ಟಿದ್ದ ಕೆಂಪು ಬಾವುಟವೊಂದನ್ನು ತೆಗೆದು ಬಿಚ್ಚಿದರು. ಹಕ್ಕಿ ಕಾಯುವ ಪ್ರತಿಯೊಬ್ಬರ ಬಳಿಯೂ ಇದು ಇರುತ್ತದೆ. ಇದನ್ನು ಮೇಲೆತ್ತಿದರೆ ಕಂಟ್ರೋಲ್ ಟವರಿನವರು ವಿಮಾನವನ್ನು ತಡೆದು ನಿಲ್ಲಿಸುತ್ತಾರೆ. ಎತ್ತಲು ಮಾತ್ರ ಎಲ್ಲರಿಗೂ ಅಳುಕು. ಯಾಕೆ ನಿಲ್ಲಿಸಿದೆ ಎಂದು ಆಮೇಲೆ ಹತ್ತು ಜನಕ್ಕೆ ಉತ್ತರ ಹೇಳಬೇಕು.

"ಸಾರ್, ಎಬ್ಬಿಸೋದು ನಾನು ನಿಮಗೆ ಕಲಿಸಲ್ಲ. ಅದು ನಮ್ಮವರಿಗೆ ಕೊಟ್ಟ ಮಾತು," ಎಂದರು ಹಕ್ಕಿಯಣ್ಣ. "ಸೋಮವಾರ ನೀವು ಕೂಗಬೇಡಿ, ಓಡಬೇಡಿ, ಹಕ್ಕಿ ತಂಟೆಗೇ ಹೋಗಬೇಡಿ. ಹುಲ್ಲಲ್ಲಿ ಒಂದು ರೆಕ್ಕೆ ಕಂಡ್ರೂ ಇದನ್ನ ಎತ್ತಿ ಹಿಡೀರಿ. ಅದು ತಾನಾಗಿ ಎದ್ದು ಹೋಗೋವರೆಗೂ ಇಳಿಸಬೇಡಿ. ಯಾರು ಬಂದು ಬೈದ್ರೂ ಇಳಿಸಬೇಡಿ."

ಸಾರ್ಜೆಂಟ್ ಬಾವುಟವನ್ನೂ ಅವರನ್ನೂ ನೋಡಿದರು. "ಹಂಗೆ ಮಾಡಿದ್ರೆ ದಿನವಿಡೀ ಒಂದು ವಿಮಾನನೂ ಹಾರಲ್ಲ."

"ಇಲ್ಲ ಸಾರ್. ಹಾರಲ್ಲ."

ಆ ದೊಡ್ಡ ಮನುಷ್ಯ ಹುಲ್ಲಿನ ಮೇಲೆ ಕೂತರು. ತಮ್ಮ ತಂಗಿಯ ಮಗನೂ ಎಲ್ಲೋ ವಿಮಾನ ಹಾರಿಸುತ್ತಾನೆ ಎಂದರು. ಆಮೇಲೆ ಎದ್ದು ನಿಂತು, ಕೈಯನ್ನು ನೆಟ್ಟಗೆ ಮೇಲೆತ್ತಿ ಬಾವುಟ ಹಿಡಿಯುವುದನ್ನು ಅಭ್ಯಾಸ ಮಾಡಿದರು. ಹಾಗೆ ಅಲುಗಾಡದೆ ನಿಲ್ಲುವುದು ಮಾತ್ರ ಅವರಿಗೆ ಚೆನ್ನಾಗಿ ಬರುತ್ತದೆ.

ಇದನ್ನು ಮನೆಯಲ್ಲಿ ನನ್ನೆದುರೇ ಹೇಳಿದಾಗ ಅಕ್ಕ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು. "ಏನ್ರೀ, ವಿಮಾನ ನಿಲ್ಲಿಸೋದು ಕಲಿಸಿ ಬಂದ್ರಾ?"

"ಹೂಂ ಕಣೇ."

"ಹಂಗಾದ್ರೆ ಸಾರ್ಜೆಂಟೂ ನಮ್ಮ ಸಂಘಕ್ಕೆ ಸೇರಿದ ಹಾಗಾಯ್ತಲ್ಲ!" ನಗು ತಡೆಯಲಾಗದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಹಕ್ಕಿಯಣ್ಣನೂ ನಕ್ಕರು. ಎರಡು ದಿನ ಆ ಮನೆಯಲ್ಲಿ ಕಟ್ಟಿದ್ದ ಉಸಿರು ಬಿಟ್ಟ ಸದ್ದು ನನಗೂ ಕೇಳಿತು. ನಗುತ್ತ ನಗುತ್ತಲೇ ಅಕ್ಕನ ಕಣ್ಣು ತುಂಬಿತು. ಅವರು ಅದನ್ನು ಮುಚ್ಚಿಡಲಿಲ್ಲ.

ಆಡಳಿತದ ಅಧಿಕಾರಿಗೂ ಹಕ್ಕಿಯಣ್ಣ ಇದನ್ನೇ ಹೇಳಿ ಬಂದಿದ್ದಾರೆ. ಕದ್ದುಮುಚ್ಚಿ ಮಾಡುವುದು ಅವರಿಗೆ ಹಿಡಿಸದು. ಅಧಿಕಾರಿ ಸಿಟ್ಟಾಗಲಿಲ್ಲ. ಸೋಮವಾರದ ಹಾರಾಟ ನಿಲ್ಲಿಸಬೇಕೆಂದೂ ಆಸ್ಪತ್ರೆಯ ವಿಷಯ ಇತ್ಯರ್ಥ ಮಾಡಬೇಕೆಂದೂ ಮೇಲಿನವರಿಗೆ ತಿಳಿಸಿದ್ದೇನೆ, ಉತ್ತರ ಬಂದಿಲ್ಲ ಎಂದು ನನಗೂ ಹೇಳಿದರು. ಈ ಲೇಖನ ಅಚ್ಚಿಗೆ ಹೋಗುವವರೆಗೂ ಬಂದಿರಲಿಲ್ಲ.

ಬೀಳ್ಕೊಡಲು ಬೀದಿಯ ತಿರುವಿನವರೆಗೆ ಇಬ್ಬರೂ ಬಂದರು. ಸೋಮವಾರ ಬೆಳಿಗ್ಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಗೇಟಿನ ಹೊರಗೆ ಎಲ್ಲರ ಜೊತೆ ನಿಲ್ಲುತ್ತೇನೆ ಎಂದರು ಹಕ್ಕಿಯಣ್ಣ. "ನಿಲ್ಲೋದು ನಮ್ಮ ಜೊತೆ, ನೋಡೋದು ಮೇಲಕ್ಕೆ," ಎಂದು ಅಕ್ಕ ಕಾಲೆಳೆದರು. ಏನಾದರೂ ಆಸೆ ಇದೆಯೇ ಎಂದು ಹಕ್ಕಿಯಣ್ಣನನ್ನು ಕೇಳಿದೆ. ಅವರು ಆಸ್ಪತ್ರೆಯ ಬಾಗಿಲಿನ ಮಾತೆತ್ತುತ್ತಾರೆ ಎಂದುಕೊಂಡಿದ್ದೆ.

"ನಾನು ಅಲ್ಲಿದ್ದೀನಿ ಅಂತ ಇಷ್ಟು ವರ್ಷ ಯಾರಿಗೂ ಗೊತ್ತಾಗಿಲ್ಲ. ಗೊತ್ತಾಗಲೂಬಾರದು, ಆ ಕೆಲಸಾನೇ ಹಂಗೆ. ಏನೂ ಆಗದಿದ್ರೆ ನಾನು ಸರಿಯಾಗಿ ಮಾಡಿದ್ದೀನಿ ಅಂತ," ಎಂದರು ಹಕ್ಕಿಯಣ್ಣ. ಹೆಂಡತಿಯ ಬಲಗೈಯನ್ನು, ಬೀದಿ ಎಂಬುದನ್ನೂ ಮರೆತು, ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಆದ್ರೆ ಸೋಮವಾರ ಒಂದು ದಿನ, ನಾವಿಲ್ಲ ಅಂತ ಒಂದು ವಿಮಾನ ನೆಲದ ಮೇಲೇ ನಿಲ್ಲಲಿ ಸಾರ್. ಆ ಹುಡುಗರು ಹಾಯಾಗಿ ಮಲಗಲಿ. ಯಾಕಪ್ಪಾ ನಿಂತಿದೆ ಅಂತ ಯಾರಾದ್ರೂ ಕೇಳಿದ್ರೆ, ಪಾತ್ರೆ ತೊಳೆಯೋ ಒಬ್ಬಳ ಕೈಗೋಸ್ಕರ ಅಂತ ಹೇಳ್ಲಿ."